ಹಸಿರು ಬಣ್ಣದ ಸಾಲು

ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲೆ ಸಿಂಗಸಂದ್ರದ ನಮ್ಮ ಮನೆಗೆ ನೆಂಟರು ಬರುವುದು ಜಾಸ್ತಿಯಾಗಿದೆ. ಮೊದಲಾದರೆ ಸಿಲ್ಕ್ ಬೋರ್ಡ್ ದಾಟಿ ಬರಬೇಕು ಅಂದರೆ ಸಾಕು, ಎಲ್ಲರಿಗೂ ಅವತ್ತೇ ಬೇರೆ ಕೆಲಸ ಬರುತ್ತಿತ್ತು. ಹೀಗೆ ಒಂದು ಭಾನುವಾರ ಬಂದವರು ಬಯೋಮೆಡಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷದ ನಾಲ್ಕು ಮಕ್ಕಳು. ಅವರಲ್ಲಿ ಒಬ್ಬಳು ನಮ್ಮಕ್ಕನ ಮಗಳ ಗೆಳತಿ. ನಾನು ವೈದ್ಯಕೀಯ ಉಪಕರಣ ತಯಾರಿಸುವ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಎಂದು ಗೊತ್ತಾಗಿ, ಮಾರನೆಯ ದಿನದ ರಿವ್ಯೂಗೆ ಮುಂಚೆ ಒಂದು ಸಲ ತೋರಿಸಿ ಹೋಗೋಣ ಎಂದು ಬಂದಿದ್ದರು.

ಉಪ್ಪಿಟ್ಟು, ಕಾಫಿ ಆದ ಮೇಲೆ ಊಟದ ಮೇಜಿನ ಮೇಲೆ ತಮ್ಮ ಯಂತ್ರ ಇಟ್ಟರು. ಸಲೈನ್ ಬಾಟಲಿ ಮುಗಿಯುತ್ತಾ ಬಂದಾಗ ನರ್ಸ್‌ಗೆ ತಿಳಿಸುವ ಉಪಕರಣ. ಬಾಟಲಿ ನೇತುಹಾಕುವ ಕೊಕ್ಕೆಯಲ್ಲಿ ತೂಕ ಅಳೆಯುವ ಲೋಡ್ ಸೆಲ್ ಇದೆ. ತೂಕ ಇಳಿದು 50 ಮಿಲಿ ಉಳಿದಾಗ ನರ್ಸ್ ಕೂರುವ ಜಾಗದಲ್ಲಿ ಬಜರ್ ಕೂಗುತ್ತದೆ. ಬಾಟಲಿ ಖಾಲಿಯಾದದ್ದನ್ನು ಯಾರೂ ನೋಡದಿದ್ದರೆ ರಕ್ತ ಕೊಳವೆಯೊಳಗೆ ವಾಪಸ್ ಏರಿ ಹೆಪ್ಪುಗಟ್ಟುತ್ತದೆ, ಸೂಜಿ ಕಟ್ಟಿಕೊಳ್ಳುತ್ತದೆ, ಇನ್ನೊಂದು ಕಡೆ ಚುಚ್ಚಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಯಾರ ಜೊತೆಗಾದರೂ ರಾತ್ರಿ ಕೂತವರಿಗೆ ಈ ಕಷ್ಟ ಗೊತ್ತು. ಸಮಸ್ಯೆ ಒಳ್ಳೆಯದನ್ನೇ ಹುಡುಕಿದ್ದರು. ನೀರು ತುಂಬಿದ ಬಾಟಲಿ ನೇತುಹಾಕಿ ತೋರಿಸಿದರು. ಸರಿಯಾಗಿ ಕೂಗಿತು.

ಆಮೇಲೆ ಲ್ಯಾಪ್‌ಟಾಪಿನಲ್ಲಿ ಯೋಜನೆಯ ಪಟ್ಟಿ ತೆರೆದರು. 16 ವಾರದ ಕೆಲಸ. ಪ್ರತಿ ಕೆಲಸಕ್ಕೂ ಒಂದು ಸಾಲು, ಮುಗಿದಿದ್ದಕ್ಕೆ ಹಸಿರು, ನಡೆಯುತ್ತಿರುವುದಕ್ಕೆ ಹಳದಿ, ನಿಂತಿದ್ದಕ್ಕೆ ಕೆಂಪು. ಪಟ್ಟಿ ಚೆನ್ನಾಗಿತ್ತು. ‘ವಾರ್ಡಿನಲ್ಲಿ ನರ್ಸ್‌ಗಳ ಜೊತೆ ಪರೀಕ್ಷೆ’ ಎಂಬ ಸಾಲೂ ಹಸಿರಾಗಿತ್ತು.

“ಯಾವ ವಾರ್ಡು?” ಎಂದು ಕೇಳಿದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹಾಸನದ ಹುಡುಗ ಹೇಳಿದ: “ಪರ್ಮಿಷನ್ ಸಿಗಲಿಲ್ಲ ಮೇಡಂ. ಹಾಸ್ಟೆಲ್ಲಿನಲ್ಲೇ ಮಾಡಿದ್ವಿ. ಕೆಂಪು ಬಿಟ್ರೆ ನಾಳೆ ಮಾರ್ಕ್ಸ್ ಕಟ್ ಮಾಡ್ತಾರೆ. ಸ್ಟೂಡೆಂಟ್ ಪ್ರಾಜೆಕ್ಟ್ ತಾನೇ ಮೇಡಂ, ಯಾರಿಗೂ ಏನೂ ಆಗಲ್ಲ.”

ಬೈಯುವ ಹಕ್ಕು ನನಗಿರಲಿಲ್ಲ. ಅದಕ್ಕೇ, ಮನೆಯವರಿಗೂ ಪೂರ್ತಿ ಹೇಳಿರದ ಒಂದು ಸಂಗತಿಯನ್ನು ಆ ಮಕ್ಕಳಿಗೆ ಹೇಳಿದೆ.

ನನ್ನ ಮೊದಲ ಕೆಲಸ ಒಂದು ಸಣ್ಣ ಕಂಪನಿಯಲ್ಲಿ. ರೋಗಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ಜೊತೆಗೆ ಹೋಗುವ ಮಾನಿಟರ್ ಮಾಡುತ್ತಿದ್ದೆವು. ಬ್ಯಾಟರಿ 2 ಗಂಟೆ ನಡೆಯಬೇಕು, ಅದನ್ನು ಮೂರು ಯಂತ್ರಗಳಲ್ಲಿ ಪರೀಕ್ಷಿಸಬೇಕು ಎಂದು ನಾವೇ ಬರೆದುಕೊಂಡಿದ್ದೆವು. ಶುಕ್ರವಾರ ಯಂತ್ರಗಳು ಆಸ್ಪತ್ರೆಗೆ ಹೋಗಬೇಕು. ಗುರುವಾರ ಸಂಜೆಗೆ ಒಂದರ ಪರೀಕ್ಷೆ ಮಾತ್ರ ಮುಗಿದಿತ್ತು: 2 ಗಂಟೆ 20 ನಿಮಿಷ. ಉಳಿದೆರಡೂ ಅದೇ ಬ್ಯಾಟರಿ, ಅದೇ ಬೋರ್ಡು. ನಾನು ಮೂರೂ ಮುಗಿದವು ಎಂದು ಬರೆದೆ. ಒಂದೇ ಅಂಕಿ ಇದ್ದರೆ ಅನುಮಾನ ಬರುತ್ತದೆಂದು ಒಂದಕ್ಕೆ 5 ನಿಮಿಷ ಕಡಿಮೆ, ಇನ್ನೊಂದಕ್ಕೆ 5 ನಿಮಿಷ ಜಾಸ್ತಿ ಹಾಕಿ ಸಹಿ ಮಾಡಿದೆ. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಒತ್ತಾಯ ಮಾಡಿರಲಿಲ್ಲ.

ಎರಡನೆಯ ವಾರ ಆಸ್ಪತ್ರೆಯಿಂದ ಫೋನ್ ಬಂತು. ಐಸಿಯುನಿಂದ ಸ್ಕ್ಯಾನಿಂಗ್‌ಗೆ ಒಬ್ಬರನ್ನು ಕರೆದೊಯ್ಯುವಾಗ ಲಿಫ್ಟಿನಲ್ಲಿ ಸ್ಕ್ರೀನ್ ಆರಿಹೋಗಿತ್ತು. ಜೊತೆಗಿದ್ದ ನರ್ಸ್, ಲಿಫ್ಟ್ ಕೆಳಗೆ ಮುಟ್ಟುವ ತನಕ ರೋಗಿಯ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾ ನಿಂತಿದ್ದರಂತೆ. ರೋಗಿಗೆ ಏನೂ ಆಗಲಿಲ್ಲ. ನಾನು ಹೋದಾಗ ಆ ನರ್ಸ್ ನಕ್ಕು, “ನಾವು ನೋಡ್ಕೊಂಡ್ವಿ ಬಿಡಿ ಮೇಡಂ” ಎಂದರು. ಯಂತ್ರ ಬಿಚ್ಚಿದಾಗ ಬ್ಯಾಟರಿಯ ಒಂದು ಸೆಲ್ ಮೊದಲೇ ಸೋತಿದ್ದು ಕಂಡಿತು. ಎರಡು ಗಂಟೆ ಓಡಿಸಿದ್ದರೆ ನನ್ನ ಮೇಜಿನ ಮೇಲೇ ಗೊತ್ತಾಗುತ್ತಿತ್ತು.

ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಬಾಸ್ ಹತ್ತಿರ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಕೂಗಾಡಲಿಲ್ಲ. ಫೈಲ್ ನನ್ನ ಮುಂದಿಟ್ಟು ಕೇಳಿದರು: “ಇದರಲ್ಲಿ ಇನ್ನು ಯಾವ್ಯಾವ ಸಾಲು ಸುಳ್ಳು?” ಬೇರೆ ಯಾವುದೂ ಅಲ್ಲ ಎಂದೆ. ಆದರೆ ನಂಬಲು ಅವರಿಗೆ ಕಾರಣವೇ ಇರಲಿಲ್ಲ. ಯಂತ್ರಗಳನ್ನು ವಾಪಸ್ ತರಿಸಿ ಎಲ್ಲ ಪರೀಕ್ಷೆಗಳನ್ನೂ ಮೊದಲಿಂದ ಮಾಡಿದೆವು. ನಾನು ಉಳಿಸಿದ್ದು ಒಂದು ದಿನ, ಕಳೆದದ್ದು ಏಳು ವಾರ.

ಇಷ್ಟು ಹೇಳಿದಾಗ ಮಕ್ಕಳು ಕಾಫಿ ಲೋಟ ಕೆಳಗಿಟ್ಟಿದ್ದರು. ಅಕ್ಕನ ಮಗಳ ಗೆಳತಿ ನಿಧಾನಕ್ಕೆ ಕೇಳಿದಳು: “ಅದು ಕಂಪನಿ ಮೇಡಂ. ನಮ್ಮದು ಮೇಜಿನ ಮೇಲೆ ಸರಿಯಾಗೇ ಕೆಲಸ ಮಾಡ್ತಿದೆಯಲ್ಲ, ವಾರ್ಡಿಗೆ ಹೋದ್ರೆ ಹೊಸದೇನು ಗೊತ್ತಾಗುತ್ತೆ?”

ಅದಕ್ಕೆ ಉತ್ತರವಾಗಿ ಇನ್ನೊಂದು ವಿದ್ಯಾರ್ಥಿ ಪ್ರಾಜೆಕ್ಟಿನ ಕತೆ ಹೇಳಿದೆ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ತರಗತಿಯಲ್ಲಿ, ಕಡಿಮೆ ಬೆಲೆಯ ಇನ್‌ಕ್ಯುಬೇಟರ್ ಮಾಡಿ ಎಂದು ಒಂದು ತಂಡಕ್ಕೆ ಹೇಳಿದ್ದರು. ಅವರು ನೇಪಾಳಕ್ಕೆ ಹೋಗಿ ನೋಡಿದರೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಖಾಲಿ ಇದ್ದವು. ಕಡಿಮೆ ತೂಕದ ಕೂಸುಗಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ, ಆಸ್ಪತ್ರೆ ಮುಟ್ಟುವ ಮೊದಲೇ ಮೈ ತಣ್ಣಗಾಗುತ್ತಿತ್ತು. ಹಾಗಾಗಿ ಗಾಜಿನ ಪೆಟ್ಟಿಗೆ ಬಿಟ್ಟು, ಸುಮಾರು 37 ಡಿಗ್ರಿ ಶಾಖವನ್ನು ಗಂಟೆಗಟ್ಟಲೆ ಹಿಡಿದಿಡುವ ಮೇಣದಂಥ ವಸ್ತುವಿನ ಚೀಲವಿರುವ ಪುಟ್ಟ ಹಾಸಿಗೆ ಮಾಡಿದರು. ಅದೇ ‘ಎಂಬ್ರೇಸ್’. ಜೇನ್ ಚೆನ್, ರಾಹುಲ್ ಪಣಿಕ್ಕರ್ ಮುಂತಾದವರ ಆ ತಂಡ ಬೆಂಗಳೂರಿಗೇ ಬಂದು ನೆಲೆಸಿ ಕೆಲಸ ಮಾಡಿತು.

ಇಲ್ಲಿನ ಒಂದು ಹಳ್ಳಿಯಲ್ಲಿ ತಾಯಿಯೊಬ್ಬರಿಗೆ ಅದನ್ನು ತೋರಿಸಿದಾಗ ಅವರು ಹೇಳಿದ್ದು ಇಂಜಿನಿಯರುಗಳಿಗೆ ಹೊಳೆದಿರಲಿಲ್ಲ. ಇಂಗ್ಲಿಷ್ ಔಷಧಿ ತುಂಬಾ ಗಡುಸು, ಡಾಕ್ಟರು ಒಂದು ಚಮಚ ಅಂದರೆ ನಾವು ಅರ್ಧವೇ ಕೊಡುವುದು, ಹಾಗೇ 37 ಎಂದು ಹೇಳಿದರೆ ಸ್ವಲ್ಪ ಕಡಿಮೆಗೇ ನಿಲ್ಲಿಸುತ್ತೇವೆ ಎಂಬುದು ಅವರ ಮಾತಿನ ಅರ್ಥ. ಕೂಸಿನ ಮೇಲಿನ ಅಕ್ಕರೆಯಿಂದಲೇ ಕೂಸು ತಣ್ಣಗಾಗುತ್ತಿತ್ತು. ತಂಡ ಅಂಕಿಗಳನ್ನೇ ತೆಗೆದುಹಾಕಿ, ‘ಸರಿಯಾಗಿದೆ’ ಅಥವಾ ‘ಇನ್ನೂ ಇಲ್ಲ’ ಎಂದಷ್ಟೇ ತೋರಿಸುವ ಸೂಚಕ ಇಟ್ಟಿತು. ಎಂಥ ಪ್ರಯೋಗಾಲಯದಲ್ಲೂ ಈ ದೋಷ ಕಾಣುತ್ತಿರಲಿಲ್ಲ.

ನಮ್ಮ ಕೆಲಸದಲ್ಲಿ ಇದಕ್ಕೆ ಎರಡು ಬೇರೆ ಬೇರೆ ಹೆಸರಿವೆ, ವೆರಿಫಿಕೇಷನ್ ಮತ್ತು ವ್ಯಾಲಿಡೇಷನ್. ಬರೆದುಕೊಂಡಂತೆ ಮಾಡಿದ್ದೇವಾ ಎನ್ನುವುದು ಮೊದಲನೆಯದು. ಮಾಡಿದ್ದು ಬಳಸುವವರ ಕೈಯಲ್ಲಿ ಕೆಲಸಕ್ಕೆ ಬರುತ್ತದಾ ಎನ್ನುವುದು ಎರಡನೆಯದು. ಹಾಸ್ಟೆಲ್ಲಿನಲ್ಲಿ ಮಕ್ಕಳು ಮಾಡಿದ್ದು ಮೊದಲನೆಯದು, ಹಸಿರು ಬಳಿದದ್ದು ಎರಡನೆಯದಕ್ಕೆ. ನಮ್ಮ ದೇಶದ 2017ರ ವೈದ್ಯಕೀಯ ಉಪಕರಣ ನಿಯಮಗಳು ಉಪಕರಣಗಳನ್ನು ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡುತ್ತವೆ. ಏನೇನು ತಪ್ಪಬಹುದು ಎಂದು ಮೊದಲೇ ಪಟ್ಟಿ ಮಾಡಲು ಐಎಸ್‌ಒ 14971 ಎಂಬ ಮಾನದಂಡವಿದೆ. ಇವೆಲ್ಲ ನಿಂತಿರುವುದು, ಹಾಳೆಯ ಕೊನೆಯಲ್ಲಿ ಸಹಿ ಹಾಕುವವರು ನಿಜ ಬರೆದಿದ್ದಾರೆ ಎಂಬ ಒಂದು ನಂಬಿಕೆಯ ಮೇಲೆ.

ಮಕ್ಕಳು ಆ ಸಾಲನ್ನು ಕೆಂಪು ಮಾಡಿಕೊಂಡು ಹೋದರು. ಸೋಮವಾರ ಸಂಜೆ ಮೆಸೇಜ್ ಬಂತು: ನಾಲ್ಕು ಮಾರ್ಕ್ಸ್ ಹೋಯಿತಂತೆ. ನನಗೆ ಪಾಪ ಅನಿಸಿತು. ಪರಿಚಯದ ಒಬ್ಬ ಡಾಕ್ಟರಿಗೆ ಫೋನ್ ಮಾಡಿ ಅವರ ಸಣ್ಣ ನರ್ಸಿಂಗ್ ಹೋಮಿನಲ್ಲಿ ಒಂದು ರಾತ್ರಿ ಕೂರಲು ಮಕ್ಕಳಿಗೆ ಒಪ್ಪಿಗೆ ಕೊಡಿಸಿದೆ. ಯಂತ್ರವನ್ನು ಯಾರಿಗೂ ಜೋಡಿಸಬಾರದು, ಸುಮ್ಮನೆ ನೋಡಬೇಕು, ನರ್ಸ್‌ಗಳನ್ನು ಕೇಳಬೇಕು, ಅಷ್ಟೇ.

ಮಾರನೆಯ ದಿನ ಬೆಳಿಗ್ಗೆ ಹಾಸನದ ಹುಡುಗನೇ ಫೋನ್ ಮಾಡಿದ. ನಿದ್ದೆಗೆಟ್ಟ ದನಿ. “ಮೇಡಂ, ಪೇಷಂಟು ಬಾತ್‌ರೂಮಿಗೆ ಹೋಗುವಾಗ ಮನೆಯವರು ಬಾಟಲಿನ ಕೊಕ್ಕೆಯಿಂದ ತೆಗೆದು ಕೈಲಿ ಎತ್ತಿ ಹಿಡ್ಕೊಂಡು ಹೋಗ್ತಾರೆ. ನಮ್ಮ ಲೋಡ್ ಸೆಲ್‌ಗೆ ಆಗ ಬಾಟಲಿ ಖಾಲಿ. ಒಂದೇ ರಾತ್ರಿ ಒಂಬತ್ತು ಸಲ ನೋಡಿದ್ವಿ. ಒಂಬತ್ತು ಸಲನೂ ಸುಮ್‌ಸುಮ್ನೆ ಕೂಗ್ತಿತ್ತು.”

“ನರ್ಸ್ ಏನಂದ್ರು?”

“ಹಂಗೆ ಕೂಗಿದ್ರೆ ಮೊದಲನೇ ರಾತ್ರಿನೇ ಪ್ಲಗ್ ಕಿತ್ತಿಡ್ತೀವಿ ಕಣಪ್ಪಾ ಅಂದ್ರು ಮೇಡಂ.”

ತೂಕ ನಿಧಾನಕ್ಕೆ ಇಳಿಯುವುದಕ್ಕೂ ಒಮ್ಮೆಲೇ ಇಲ್ಲವಾಗುವುದಕ್ಕೂ ಇರುವ ವ್ಯತ್ಯಾಸವನ್ನು ಯಂತ್ರಕ್ಕೆ ಕಲಿಸುವುದು ಈಗ ಅವರ ಪಟ್ಟಿಯಲ್ಲಿ ಹೊಸ ಸಾಲು. ಅದು ಹಳದಿಯಾಗಿದೆ. ವಾರ್ಡಿನ ಸಾಲು ಇನ್ನೂ ಕೆಂಪೇ ಇದೆ. ಮುಂದಿನ ರಿವ್ಯೂಗೂ ಹಾಗೇ ಇಡುತ್ತೇವೆ ಎಂದು, ನಾನು ಕೇಳುವ ಮುಂಚೆ, ಅವನೇ ಹೇಳಿದ.