ವರ್ಷಾಶನದ ವೈದ್ಯ

ವರ್ಷದ ಲೆಕ್ಕದಲ್ಲಿ ಸೇವೆಯನ್ನು ಪಡೆಯುವುದು ನಮ್ಮ ಕಡೆಯ ಗೃಹಸ್ಥರಿಗೆ ಹೊಸತಲ್ಲ. ಬಡಿಗ, ಕಮ್ಮಾರ ಮೊದಲಾದ ಆಯಗಾರರು ವರ್ಷವಿಡೀ ದುಡಿದು, ರಾಶಿಯ ಕಾಲದಲ್ಲಿ ಕಣಕ್ಕೆ ಬಂದು ತಮ್ಮ ಆಯವನ್ನು ಒಯ್ಯುತ್ತಿದ್ದರು. ಕುಂಟೆಯು ಎಷ್ಟು ಸಲ ಮುರಿಯಿತೆಂದು ಯಾರೂ ಎಣಿಸುತ್ತಿರಲಿಲ್ಲ. ಆ ಪದ್ಧತಿಯಲ್ಲಿ ಜಾತಿಯ ಕಟ್ಟೂ ದೈನ್ಯವೂ ಇದ್ದುವು. ಅವು ಹೋದದ್ದು ಒಳ್ಳೆಯದೇ. ಆದರೆ ಅದರೊಳಗಿನ ಲೆಕ್ಕವನ್ನಷ್ಟು ವೈದ್ಯವೃತ್ತಿಗೆ ತರಬಾರದೇಕೆಂದು ಯೋಚಿಸಿ, ವೈದ್ಯರಾದ ನಾವು ದಂಪತಿಗಳು ಮೂಡಲಗಿಯಲ್ಲಿ ಚಿಕ್ಕದೊಂದು ದವಾಖಾನೆಯನ್ನು ತೆರೆದಿರುವೆವು. ಕುಟುಂಬವೊಂದು ವರ್ಷಕ್ಕೆ 1,200 ರೂಪಾಯಿ ಕೊಡತಕ್ಕದ್ದು. ಮನೆಯವರಲ್ಲಿ ಯಾರೇ ಆಗಲಿ, ಎಷ್ಟು ಸಲವಾದರೂ ಬಂದು ತೋರಿಸಿಕೊಳ್ಳಬಹುದು. ಔಷಧದ ಬೆಲೆ ಬೇರೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ನೋಂದಣಿ ಮಾಡಿಸಿ, ದರದ ಫಲಕವನ್ನೂ ತೂಗಹಾಕಿದ್ದಾಯಿತು.

ಈ ಹಂಚಿಕೆಗೆ ಕಾರಣಳಾದವಳು ಒಬ್ಬ ಮುದುಕಿ. ನಾವು ಬೇರೆ ಊರಲ್ಲಿ ಚಾಕರಿಯಲ್ಲಿದ್ದಾಗ ಆಕೆಯು ಅಂಗಾಲಿನ ಹುಣ್ಣನ್ನು ಎರಡು ತಿಂಗಳು ಮನೆಯವರಿಗೆ ಕಾಣದಂತೆ ಸೀರೆಯ ಅಂಚಿನಲ್ಲಿ ಮರೆಸಿಕೊಂಡಿದ್ದಳು. ಸಲಸಲಕ್ಕೂ ಮಗನಿಗೆ ರೊಕ್ಕ ಕೇಳಲು ಬಾಯಿ ಬರಲಿಲ್ಲವಂತೆ. ಸಕ್ಕರೆ ರೋಗದ ಹುಣ್ಣು. ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಸಕ್ಕರೆ ರೋಗ, ರಕ್ತದೊತ್ತಡ ಇವು ನೋಯಿಸದೆ ಬೆಳೆಯುವ ರೋಗಗಳು. ನೋವಿಲ್ಲದಾಗ ವೈದ್ಯನಿಗೆ ಹಣ ಕೊಟ್ಟು ಹೋಗುವವರು ಯಾರು? ಹಣವನ್ನು ಮೊದಲೇ ಕೊಟ್ಟಿದ್ದರೆ ಹೋಗದಿರುವುದೇ ನಷ್ಟವೆನಿಸುವುದು.

ಇನ್ನು ಸೂಜಿಯ ಮಾತು. ನೆಗಡಿಯಾದರೂ "ಒಂದು ಸೂಜಿ ಮಾಡಿಬಿಡ್ರಿ" ಎನ್ನುವ ಜನ. ಮಾಡದಿದ್ದರೆ ಪಕ್ಕದ ದವಾಖಾನೆಗೆ ಹೋಗುವರು. ಸಲಕ್ಕಿಷ್ಟೆಂದು ಪಡೆಯುವ ವೈದ್ಯನಿಗೆ "ಬೇಡ" ಎನ್ನುವುದು ಕಷ್ಟ. ವರ್ಷಾಶನದ ವೈದ್ಯನಿಗೆ ಅದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಆದರೆ ಹಣ ಕೈಸೇರಿದ ಮೇಲೆ ಉದಾಸೀನ ಮಾಡುವ ಆಶೆಯು ಅವನನ್ನು ಕಾಡಬಹುದು. ಆದುದರಿಂದಲೇ ಸದಸ್ಯರು ಬೇಕಾದ ತಿಂಗಳು ಬಿಟ್ಟುಹೋಗಿ ಉಳಿದ ಹಣವನ್ನು ಪಡೆಯಬಹುದೆಂದು ಗೊತ್ತುಮಾಡಿದ್ದೇವೆ.

ಹಿರಿಯರೊಬ್ಬರು ಮೊದಲ ದಿನವೇ ಕೇಳಿದರು: "ಡಾಕ್ಟರ ಸಾಹೇಬ್ರ, ವರ್ಷಪೂರ್ತಿ ಬ್ಯಾನಿ ಬರಲಿಲ್ಲಂದ್ರ ರೊಕ್ಕ ತಿರುಗಿ ಕೊಡ್ತೀರೇನ್ರಿ?"

"ಕಳ್ಳರು ಬರಲಿಲ್ಲಂತ ಹೊಲಾ ಕಾಯಾಂವನ ಪಗಾರ ಹಿಡೀತೀರೇನ್ರಿ, ಕಾಕಾ?"

ಅವರು ನಕ್ಕರು; ಹಣವನ್ನು ಮಾತ್ರ ಕೊಡಲಿಲ್ಲ.

ಕೂಡಿ ನಡೆಯುವುದು ಈ ಸೀಮೆಗೆ ಹೊಸದೇ? ಹುಕ್ಕೇರಿ ತಾಲೂಕಿನ ಗ್ರಾಮಸ್ಥರು 1969ರಲ್ಲಿ ಹುಟ್ಟಿದ ಸಹಕಾರಿ ಸಂಘದಿಂದ ವಿದ್ಯುತ್ತನ್ನು ಪಡೆದವರು. ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ ಜೆ. ಜಿ. ಸಹಕಾರಿ ಆಸ್ಪತ್ರೆ ಸೊಸೈಟಿಯೇ ಉಂಟು. 2003ರಲ್ಲಿ ಯಶಸ್ವಿನಿ ಯೋಜನೆಯು ಮೊದಲಾದಾಗ ಸಹಕಾರಿ ಸದಸ್ಯರಾದ ರೈತರು ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿದರು. 2018ರಲ್ಲಿ ನಿಂತುಹೋದ ಅದು 2023ರಲ್ಲಿ ಮರಳಿ ನಡೆಯತೊಡಗಿತು. ಆದರೆ ಅದು ಮುಖ್ಯವಾಗಿ ದೊಡ್ಡ ಶಸ್ತ್ರಕ್ರಿಯೆಗಳಿಗಾಗಿ ಇರುವಂಥದು. ನಮ್ಮದು ವಿಮೆಯಲ್ಲ, ಹೃದಯದ ಶಸ್ತ್ರಕ್ರಿಯೆಯ ವೆಚ್ಚವನ್ನು ನಾವು ಕೊಡಲಾರೆವು. ಇಂಥ ಯೋಜನೆಯನ್ನು ಬಿಡದೆ ಇಟ್ಟುಕೊಳ್ಳಿರೆಂದು ಬಂದವರಿಗೆಲ್ಲ ಹೇಳುತ್ತಿರುವೆವು.

ಹೊರನಾಡಿನ ಮಾತನ್ನೂ ಹೇಳಬೇಕು. ವೇಲ್ಸಿನ ಟ್ರೆಡಿಗರ್ ಊರಿನ ಗಣಿಗಾರರು ಕೂಲಿಯಲ್ಲಿ ಪಾಲು ಕೂಡಿಸಿ ವೈದ್ಯರನ್ನು ಇಟ್ಟುಕೊಂಡಿದ್ದರು. ಅದೇ ಊರಿನ ಬೆವನ್ ಅವರು ಮಂತ್ರಿಗಳಾಗಿ 1948ರಲ್ಲಿ ಇಡೀ ಬ್ರಿಟನ್ನಿಗೆ ಅಂಥ ಏರ್ಪಾಡನ್ನು ತಂದರು. ಅಮೆರಿಕದ ಸಿಯಾಟಲ್ಲಿನಲ್ಲಿ 2007ರಲ್ಲಿ ಇದೇ ತತ್ತ್ವದಿಂದ ತೆರೆದ ಕ್ಲಯನ್ಸ್ ಸಂಸ್ಥೆಯಾದರೋ ಸಾವಿರಾರು ಜನರನ್ನು ಸೇರಿಸಿಕೊಂಡೂ 2017ರಲ್ಲಿ ಮುಚ್ಚಿತು. ಇದನ್ನು ನೆನೆದರೆ ರಾತ್ರಿ ನಿದ್ದೆ ಬಾರದು. 300 ಕುಟುಂಬಗಳು ಸೇರಿದರೆ ತಿಂಗಳಿಗೆ 30,000 ರೂಪಾಯಿ; ಬಾಡಿಗೆಯನ್ನೂ ದಾದಿಯ ಸಂಬಳವನ್ನೂ ಕಳೆದರೆ ನಮಗುಳಿಯುವುದು ಅಲ್ಪವೇ. ಸದ್ಯಕ್ಕೆ ನೂರು ಕೂಡ ಆಗಿಲ್ಲ. ಎರಡು ವರ್ಷ ನಡೆಸುವಷ್ಟು ಉಳಿತಾಯವಿದೆ. ಆಮೇಲಿನ ಮಾತು ಆಮೇಲೆ.

ಒಟ್ಟಿಗೆ ಕೊಡಲಾರದವರು ಕಬ್ಬಿನ ಬಿಲ್ಲು ಬಂದಾಗ ಕೊಟ್ಟರಾಯಿತು. ಮೊನ್ನೆ ತಾಯಿಯೊಬ್ಬಳು, ಹುಕ್ಕೇರಿಗೆ ಕೊಟ್ಟ ಮಗಳು ಚೊಚ್ಚಲ ಬಾಣಂತನಕ್ಕೆ ಬರುವಳು, ಆಕೆಯು ಯಾವ ಮನೆಯ ಲೆಕ್ಕವೆಂದು ಕೇಳಿದಳು. ನಮ್ಮ ನಿಯಮಗಳಲ್ಲಿ ಅದಿರಲಿಲ್ಲ. ಹೆರಿಗೆಯು ಗೋಕಾಕದ ಆಸ್ಪತ್ರೆಯಲ್ಲೇ ಆಗಬೇಕು. ಆದರೆ ತವರಿನಲ್ಲಿರುವಷ್ಟು ದಿನ ಮಗಳೂ ಮೊಮ್ಮಗುವೂ ತವರಿನ ಲೆಕ್ಕಕ್ಕೇ ಸೇರುವರೆಂದು ಪುಸ್ತಕದಲ್ಲಿ ಬರೆದುಕೊಂಡೆವು.