ಬಾಕಿ ಉಳಿದ ಒಂದು ದೋಸೆ

ಬೆಂಗಳೂರಿನ ಮಲ್ಲೇಶ್ವರದಲ್ಲಿ 1954ರಿಂದ ನಡೆದುಬಂದ ನ್ಯೂ ಕೃಷ್ಣ ಭವನವು 2023ರ ಡಿಸೆಂಬರಿನಲ್ಲಿ ಮುಚ್ಚಿದಾಗ ಅನೇಕರು ಅದರ ಹಸಿರು ಮಸಾಲೆಯ ಇಡ್ಲಿಯನ್ನು ನೆನೆದು ಮರುಗಿದರು. ಅದಕ್ಕೂ ಮೊದಲು, 2009ರಲ್ಲಿ, ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್ ತನ್ನ ಹಳೆಯ ಜಾಗವನ್ನು ತೊರೆದು ಚರ್ಚ್ ಸ್ಟ್ರೀಟಿಗೆ ಸರಿದಿತ್ತು. ಇಂತಹ ವಾರ್ತೆ ಓದಿದಾಗಲೆಲ್ಲ ನನಗೆ ಒಂದು ಹಳೆಯ ಸಾಲದ ನೆನಪಾಗುತ್ತದೆ.

1979ರಲ್ಲಿ ನಾನು ಬಿ.ಕಾಂ. ವಿದ್ಯಾರ್ಥಿ. ಚಿಕ್ಕಪೇಟೆಯ ಓಣಿಯೊಂದರ ಪುಟ್ಟ ಹೋಟೆಲಿನಲ್ಲಿ ಬಿಲ್ಲಿನ ಪದ್ಧತಿಯಿರಲಿಲ್ಲ. ತಿಂದದ್ದನ್ನು ಗಿರಾಕಿಯೇ ಗಲ್ಲಾದ ಮುಂದೆ ಹೇಳಬೇಕು. ನಮ್ಮ ಮನೆತನದ ನಿಯಮವನ್ನು ಅರಿತಿದ್ದ ಯಜಮಾನರು ಸೂರ್ಯಾಸ್ತಕ್ಕೆ ಮುನ್ನವೇ ಈರುಳ್ಳಿ, ಆಲೂಗಡ್ಡೆ ಸೋಕದ ದೋಸೆಯನ್ನು ಮಾಡಿಸಿಕೊಡುತ್ತಿದ್ದರು. ಒಂದು ಸಂಜೆ ಜೇಬಿನ ಹಣ ಸಾಲದೆ, ಎರಡು ದೋಸೆ ತಿಂದು ‘ಒಂದು’ ಎಂದೆ. ಅವರು ಕ್ಷಣಕಾಲ ನನ್ನ ಮುಖ ನೋಡಿ, ಒಂದರ ಹಣವನ್ನಷ್ಟೇ ಪಡೆದರು. ಮರುದಿನವೂ ಎಂದಿನಂತೆಯೇ ಆದರಿಸಿದರು. ನಾಚಿಕೆಯಿಂದ ನಾನೇ ಅತ್ತ ಹೋಗುವುದನ್ನು ಬಿಟ್ಟೆ. ವರ್ಷಗಳ ಬಳಿಕ ಹಣ ಹಿಡಿದು ಹೋದಾಗ ಅಲ್ಲಿ ಜವಳಿ ಅಂಗಡಿಯಿತ್ತು.

ಅಚೌರ್ಯ ವ್ರತವನ್ನು ಮಕ್ಕಳಿಗೆ ವಿವರಿಸುವಾಗ ಇಂದಿಗೂ ನನ್ನ ಮಾತು ತಡವರಿಸುತ್ತದೆ. ನಾಲ್ಕು ದಶಕಗಳ ವ್ಯಾಪಾರದ ಲೆಕ್ಕಗಳೆಲ್ಲ ತಾಳೆಯಾಗಿವೆ. ಆ ಒಂದು ದೋಸೆ ಮಾತ್ರ ಬಾಕಿ ನಿಂತಿದೆ. ಕೊಡಬೇಕಾದುದನ್ನು, ಮಹನೀಯರೇ, ಬಾಗಿಲು ತೆರೆದಿರುವಾಗಲೇ ಕೊಟ್ಟುಬಿಡುವುದು ಲೇಸು.