ಊರು ಬಿಡದವರ ಪಾದ

ಹ್ಯಾಂಬರ್ಗ್‌ಗೆ ಹೋದವರು ಸಾಮಾನ್ಯವಾಗಿ ಎಲ್ಬೆ ನದಿ, ಬಂದರು, ಕೆಂಪು ಇಟ್ಟಿಗೆಯ ಹಳೇ ಗೋದಾಮುಗಳನ್ನು ನೋಡಿಕೊಂಡು ಬರುತ್ತಾರೆ. ನಮಗೆ ಅವೆಲ್ಲ ಎರಡೇ ದಿನಕ್ಕೆ ಮುಗಿದವು. ಮೂರನೇ ದಿನ, ಅಲ್ಲೇ ಕೆಲಸದಲ್ಲಿರುವ ಮಗ "ಅಮ್ಮಾ, ಇವತ್ತು ಒಂದು ಕಾಲು ತೋರಿಸ್ತೀನಿ ಬಾ" ಅಂದ.

ಸ್ಟೆಲ್ಲಿಂಗನ್‌ನಲ್ಲಿ ರೈಲು ಇಳಿದು ಫೋಕ್ಸ್‌ಪಾರ್ಕ್ ಸ್ಟೇಡಿಯಂವರೆಗೆ ನಡೆದೆವು. ಹೊರಗಡೆ ನಿಜಕ್ಕೂ ಒಂದು ಕಾಲು! ಆಳೆತ್ತರಕ್ಕೂ ಮೀರಿದ ಕಂಚಿನ ಬಲಪಾದ. 2005ರಲ್ಲಿ ಇಟ್ಟಿದ್ದು. ಅದು ಫುಟ್‌ಬಾಲ್ ಆಟಗಾರ ಊವೆ ಝೇಲರ್ ಅವರ ಪಾದ.

1936ರಲ್ಲಿ ಇದೇ ಊರಲ್ಲಿ ಹುಟ್ಟಿದವರು. ಅಪ್ಪ ಬಂದರಿನಲ್ಲಿ ದುಡಿಯುತ್ತಿದ್ದರು, ಫುಟ್‌ಬಾಲೂ ಆಡುತ್ತಿದ್ದರು. ಊವೆ ಊರಿನ ಎಚ್‌ಎಸ್‌ವಿ ಕ್ಲಬ್ಬಿಗೆ 1972ರವರೆಗೂ ಆಡಿದರು. ಆಳು ಗಿಡ್ಡ, ಆದರೆ ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಎತ್ತರದವರನ್ನೂ ಮೀರಿಸುತ್ತಿದ್ದರಂತೆ. ದೇಶಕ್ಕಾಗಿ 72 ಪಂದ್ಯ, 43 ಗೋಲು. ನಾಲ್ಕು ವಿಶ್ವಕಪ್ ಆಡಿದರೂ ಕಪ್ ಕೈಗೆ ಸಿಗಲಿಲ್ಲ. 1966ರ ಫೈನಲ್‌ನಲ್ಲಿ ಅವರೇ ನಾಯಕರು, ಇಂಗ್ಲೆಂಡ್ ಎದುರು 4-2ರಿಂದ ಸೋತರು. ಅದಕ್ಕೆ ಹಿಂದಿನ ವರ್ಷ ಹಿಮ್ಮಡಿಯ ನರ ಹರಿದು, ಆಟ ಮುಗೀತು ಅಂದುಕೊಂಡವರೇ ಜಾಸ್ತಿ. ಕೆಲವೇ ತಿಂಗಳಲ್ಲಿ ಮರಳಿ ಬಂದು, ಸ್ವೀಡನ್ ವಿರುದ್ಧ ಗೆಲುವಿನ ಗೋಲು ಹೊಡೆದರು.

ಊರಿನವರಿಗೆ ಇವರ ಮೇಲೆ ಅಷ್ಟು ಪ್ರೀತಿ ಬರಲು ಇನ್ನೊಂದು ಕಾರಣವಿದೆ. 1961ರಲ್ಲಿ ಇಟಲಿಯ ಇಂಟರ್ ಮಿಲಾನ್ ಲಕ್ಷಗಟ್ಟಲೆ ಮಾರ್ಕ್ ಕೊಡ್ತೀವಿ ಬನ್ನಿ ಅಂದಿತು. ಇವರು ಒಲ್ಲೆ ಅಂದರು. ಅಡಿಡಾಸ್ ಕಂಪನಿಯ ಪ್ರತಿನಿಧಿಯಾಗಿ ಕಾರಿನಲ್ಲಿ ಊರೂರು ಸುತ್ತುತ್ತಾ, ಆಟವನ್ನೂ ಆಡಿಕೊಂಡಿದ್ದರು. ಜನ ಇಂದಿಗೂ ಅವರನ್ನು ಕರೆಯುವುದು 'ನಮ್ಮ ಊವೆ' ಅಂತಲೇ. 2003ರಲ್ಲಿ ನಗರ ಅವರನ್ನು ಗೌರವ ನಾಗರಿಕರನ್ನಾಗಿ ಮಾಡಿತು. 2022ರಲ್ಲಿ ತೀರಿಕೊಂಡರು.

"ನೋಡಪ್ಪಾ, ಅಷ್ಟು ದುಡ್ಡು ಕೊಡ್ತೀವಂದ್ರೂ ಊರು ಬಿಡಲಿಲ್ಲ" ಅಂದೆ. ನನ್ನ ಮಾತಿನ ಮೊನೆ ಎಲ್ಲಿಗೆ ಅಂತ ಅವನಿಗೆ ಗೊತ್ತಾಯಿತು. "ಅವರಿಗೆ ಊರಲ್ಲೇ ಒಳ್ಳೇ ಕೆಲಸ ಸಿಕ್ತಲ್ಲಮ್ಮಾ. ನನ್ನ ಕೆಲಸ ನಮ್ಮೂರಲ್ಲಿ ಎಲ್ಲಿದೆ ಹೇಳು?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಊರಿನ ಮೇಲೆ ಪ್ರೀತಿ ಇದ್ದರಷ್ಟೇ ಸಾಲದು, ಊರೂ ಮಕ್ಕಳಿಗೆ ಅನ್ನದ ದಾರಿ ತೋರಿಸಬೇಕಲ್ಲ.

ಹ್ಯಾಂಬರ್ಗ್‌ಗೆ ಹೋದರೆ ನೀವೂ ಆ ಪಾದ ನೋಡಿ ಬನ್ನಿ. ಸ್ಟೇಡಿಯಂ ಹೊರಗೇ ಇದೆ, ಟಿಕೆಟ್ ಬೇಕಿಲ್ಲ.